ಜೊತೆಗೆ ಬರುವವರ ಹೆಸರು

ಸಿಲಿಬ್ವೆಟ್, ಬೊಮೆಟ್
ಸೋಮವಾರ, ೧೨ ಆಗಸ್ಟ್

ಪ್ರೀತಿಯ ಚೆಪ್ಟೂ,

ಚಮ್ಗೆ. ಮನೆ ಬಾಗಿಲಲ್ಲಿ ನಿಂತು ಹೇಳಿದ್ದರೆ ನೀನು ಮುಖ ತಿರುಗಿಸಿಕೊಂಡಾದರೂ ‘ಚಮ್ಗೆ ಮಿಸಿಂಗ್’ ಎಂದು ತಿರುಗಿ ಹೇಳಲೇಬೇಕಾಗಿತ್ತು. ಕಾಗದದಲ್ಲಿ ಆ ಒತ್ತಾಯವಿಲ್ಲ. ಆದರೂ ಕ್ಷೇಮ ಕೇಳದೆ ಮಾತು ಶುರುಮಾಡುವ ಅಭ್ಯಾಸ ನನಗಿಲ್ಲ.

ನೀನು ಹೋಗಿ ಹನ್ನೊಂದು ತಿಂಗಳಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಕಿಗೆನ್ ಎರಡು ಮೂರು ಸಲ ಎತ್ತಿ, ‘ಅಜ್ಜಿ, ಅಮ್ಮ ಬಟ್ಟೆ ಒಗೀತಿದಾಳೆ’ ಎಂದ. ಹನ್ನೊಂದು ತಿಂಗಳು ಒಗೆಯುವಷ್ಟು ಬಟ್ಟೆ ನಿನಗೆ ನಾಕುರುವಿನಲ್ಲಿ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವುದು ನಿನಗೆ ಇಷ್ಟವಿಲ್ಲವೆಂದು ಗೊತ್ತು; ಅಷ್ಟರಮಟ್ಟಿಗೆ ಕೋಪ ಬಂದಿದೆ ಎಂದುಕೊಂಡೆ. ಅದಕ್ಕೇ ಈ ಕಾಗದ. ನಾಳೆ ಬೆಳಗಿನ ಮಟಾಟು ವ್ಯಾನು ಓಡಿಸುವವನ ಕೈಗೆ ಕೊಡುತ್ತೇನೆ. ನಿನ್ನ ಅಕ್ಕನ ಅಂಗಡಿ ಅವನಿಗೆ ಗೊತ್ತು. ನಾನು ಓದಿದ್ದು ಏಳನೇ ಕ್ಲಾಸು, ಅದೂ ಐವತ್ತು ವರ್ಷದ ಕೆಳಗೆ. ಅಕ್ಷರ ಸೊಟ್ಟಗಿದ್ದರೆ ನಗು, ಆದರೆ ಪೂರ್ತಿ ಓದು.

ಸುತ್ತಿ ಬಳಸುವುದಿಲ್ಲ. ನನಗೆ ಮುದ್ದೆ ಇಳಿಯುತ್ತಿಲ್ಲ. ಏಪ್ರಿಲ್‌ನಲ್ಲಿ ಒಂದು ಮದುವೆ ಊಟದಲ್ಲಿ ಮಾಂಸದ ತುಂಡು ಎದೆಯ ನಡುವೆ ನಿಂತುಕೊಂಡಿತು. ಅವಸರದಲ್ಲಿ ನುಂಗಿದೆ ಎಂದುಕೊಂಡು ಸುಮ್ಮನಾದೆ. ಜೂನ್ ಹೊತ್ತಿಗೆ ರಾಗಿ ಮುದ್ದೆ ನಿಲ್ಲತೊಡಗಿತು. ಈಗ ತೆಳ್ಳಗಿನ ಗಂಜಿ ಮತ್ತು ಸೋರೆಬುರುಡೆಯ ಹುಳಿಹಾಲು, ಅಷ್ಟೇ. ಸೊಂಟಕ್ಕೆ ಸುತ್ತುವ ಬಟ್ಟೆ ಮೊದಲಿಗಿಂತ ಒಂದು ಸುತ್ತು ಹೆಚ್ಚು ಬರುತ್ತಿದೆ. ನಮ್ಮ ಕಡೆ ‘ಮುದ್ದೆ ಇಳೀತಿಲ್ಲ’ ಎಂದರೆ ಕೇಳಿದವರು ನೆಲ ನೋಡುತ್ತಾರೆ, ನಿನಗೆ ಗೊತ್ತಲ್ಲ. ನನ್ನ ಅವ್ವ ಹೋದದ್ದು ಹಾಗೆ. ಅಕ್ಕ ತಪ್ಲೆಲೆ ಹೋದದ್ದೂ ಹಾಗೆ. ಕೊನೆಯ ತಿಂಗಳು ಅವಳ ಬಾಯಿಗೆ ಚಮಚದಲ್ಲಿ ನೀರು ಬಿಟ್ಟವಳು ನೀನೇ. ನನ್ನ ಕೈ ನಡುಗುತ್ತದೆ ಎಂದು ಚಮಚ ನಿನ್ನ ಕೈಗೆ ಕೊಟ್ಟಿದ್ದೆ. ನಿಜ ಹೇಳಬೇಕೆಂದರೆ ಕೈ ನಡುಗುತ್ತಿರಲಿಲ್ಲ. ನೋಡಲು ಆಗುತ್ತಿರಲಿಲ್ಲ.

ಒಲೆಯಿಂದ ಇಳಿಸಿದ ಚಹಾವನ್ನು ಹಾಗೆಯೇ ಕುಡಿಯುವಾಗ ನೀನು ಎಷ್ಟು ಸಲ ಬೈದಿದ್ದೀಯ. ‘ಯಜಮಾನ್ರೇ, ನಿಮ್ಮ ಗಂಟಲಿಗೇನು ತಗಡು ಹೊಡೆಸಿದೀರಾ’ ಎನ್ನುತ್ತಿದ್ದೆ. ಆರಿದ ಚಹಾ ಹೆಂಗಸರಿಗೆ ಎಂದು ನಾನು ನಕ್ಕಿದ್ದೆ. ಈಗ ಆರಿಸಿ, ಮತ್ತೆ ಆರಿಸಿ, ನೀರಿನಂತೆ ಮಾಡಿಕೊಂಡು ಕುಡಿಯುತ್ತೇನೆ. ಬೈಯುವವರಿಲ್ಲ.

ಹೋದ ಗುರುವಾರ ಯಾರಿಗೂ ಹೇಳದೆ ಗುಡ್ಡದ ಆಸ್ಪತ್ರೆಗೆ ಹೋದೆ, ಗಂಟಲಿಗೆ ಪೈಪು ಇಳಿಸಿ ನೋಡುತ್ತಾರಲ್ಲ, ಆ ಪರೀಕ್ಷೆಗೆ. ಹಿಂದಿನ ಸಂಜೆಯಿಂದ ಏನೂ ತಿನ್ನಬಾರದು ಎಂದಿದ್ದರು. ತಿನ್ನಲು ಆಗುವಂತಿದ್ದರೆ ನಾನೇಕೆ ನಿಮ್ಮ ಹತ್ತಿರ ಬರುತ್ತಿದ್ದೆ ಎಂದು ಕೇಳಬೇಕೆನಿಸಿತು. ಚೀಟಿ ಬರೆಯುವ ಸಿಸ್ಟರ್ ಹೊಸಬಳು, ಸರೋವರದ ಕಡೆಯ ಹುಡುಗಿ, ನಮ್ಮವಳಲ್ಲ, ಅನ್ಯಾಂಗೊ ಎಂದು ಹೆಸರು. ದನಿ ಮೆತ್ತಗೆ, ಪ್ರಶ್ನೆ ಮಾತ್ರ ಪೊಲೀಸರದ್ದು.

‘ಅಜ್ಜಿ, ಜೊತೆಗೆ ಯಾರು ಬಂದಿದಾರೆ?’

‘ಯಾರೂ ಇಲ್ಲ.’

‘ನಿಮ್ಮ ಯಜಮಾನ್ರು?’

‘ತೀರಿಕೊಂಡು ಇಪ್ಪತ್ತು ವರ್ಷ ಆಯ್ತು.’

‘ಮಕ್ಕಳು?’

‘ಒಬ್ಬ ಮಗ. ಅವನಿಗೆ ಒಂಬತ್ತು.’

ಅವಳು ಚೀಟಿಯಲ್ಲಿದ್ದ ನನ್ನ ವಯಸ್ಸು ನೋಡಿದಳು, ಅರವತ್ತೆಂಟು. ‘ಮೊಮ್ಮಗ ಅನ್ನಿ’ ಎಂದಳು.

‘ಮಗನೇ. ನನ್ನ ಹೆಂಡ್ತಿ ಹೆತ್ತಿದ್ದು.’

ಅವಳು ಪೆನ್ನು ಕೆಳಗಿಟ್ಟಳು. ಹಿಂದೆ ಸಾಲಿನಲ್ಲಿದ್ದ ನಮ್ಮ ಊರ ಕಡೆಯ ಹೆಂಗಸರು ಶಾಲಿನೊಳಗೆ ನಗುತ್ತಿದ್ದರು. ನಾನೇ ಹೇಳಬೇಕಾಯಿತು. ‘ನೋಡಮ್ಮ, ನನ್ನ ಹೊಟ್ಟೇಲಿ ಮಕ್ಕಳಾಗ್ಲಿಲ್ಲ. ಗಂಡ ಸತ್ತ. ಗಂಡುಮಗ ಇಲ್ಲದ ಮನೆ ಹೊಲ ಮೈದುನನ ಪಾಲಾಗುತ್ತೆ. ಅದಕ್ಕೇ ಆರು ಹಸು ಕೊಟ್ಟು, ಹಿರಿಯರ ಮುಂದೆ ಕೈಗೆ ಹುಲ್ಲು ಕಟ್ಟಿ, ಒಬ್ಬಳು ಹುಡುಗೀನ ನಾನೇ ಮದುವೆ ಆದೆ. ಅವಳು ಹೆತ್ತ ಮಗು ನನ್ನ ಮನೆ ಮಗು. ಆವತ್ತಿಂದ ಊರಲ್ಲಿ ನಾನು ಗಂಡಸು. ಸಭೇಲಿ ಗಂಡಸರ ಸಾಲಲ್ಲೇ ಕೂರ್ತೀನಿ.’

ಸಿಸ್ಟರ್ ಪೂರ್ತಿ ಕೇಳಿಸಿಕೊಂಡಳು. ಪೆನ್ನು ಎತ್ತಿಕೊಂಡು, ‘ಹಾಗಾದ್ರೆ ಹೆಂಡತಿ ಎಲ್ಲಿ?’ ಎಂದಳು.

‘ಬಟ್ಟೆ ಒಗೀತಿದಾಳೆ’ ಎಂದೆ.

ಆಮೇಲೆ ಅವಳು ನನ್ನನ್ನು ಒಂದು ಕಡೆ ಕೂರಿಸಿ ವಿವರವಾಗಿ ಹೇಳಿದಳು. ಪೈಪು ಇಳಿಸುವಾಗ ನಾನು ಹೇಗಿರಬೇಕು ಎನ್ನುವುದನ್ನು ನಾನೇ ಆರಿಸಬೇಕಂತೆ. ಗಂಟಲಿಗೆ ಸ್ಪ್ರೇ ಹೊಡೆಸಿಕೊಂಡರೆ ಗಂಟಲು ಮಾತ್ರ ಜಡವಾಗುತ್ತದೆ, ನಾನು ಎಚ್ಚರವಾಗಿಯೇ ಇರುತ್ತೇನೆ. ಓಕರಿಕೆ ಬರುತ್ತದೆ, ತಡೆದುಕೊಳ್ಳಬೇಕು, ಅರ್ಧ ಗಂಟೆ ಕೂತು ಒಬ್ಬಳೇ ಮನೆಗೆ ಹೋಗಬಹುದು. ಇಲ್ಲವೆಂದರೆ ಕೈಗೆ ಮಂಪರಿನ ಸೂಜಿ. ಉಸಿರು ನನ್ನದೇ ಇರುತ್ತದೆ, ಕರೆದರೆ ಓ ಎನ್ನುತ್ತೇನೆ, ಆದರೆ ಅರೆನಿದ್ದೆ. ಆಮೇಲೆ ಏನೂ ನೆನಪಿರುವುದಿಲ್ಲ. ಅದಕ್ಕೆ ಜೊತೆಗೆ ದೊಡ್ಡವರೊಬ್ಬರು ಬೇಕೇ ಬೇಕು. ಮತ್ತೊಂದು ಪೂರ್ತಿ ಪ್ರಜ್ಞೆ ತಪ್ಪಿಸುವುದು. ಅದಕ್ಕೆ ಬೇರೆ ಡಾಕ್ಟರು ಬರಬೇಕು, ತಿಂಗಳುಗಟ್ಟಲೆ ಕಾಯಬೇಕು, ನನ್ನ ಎದೆಬಡಿತ ನೋಡಿ ಅದು ಬೇಡವೆಂದು ಅವಳೇ ಹೇಳಿದಳು. ಉಳಿದದ್ದು ಎರಡು. ‘ಸೂಜಿ ತಗೊಳ್ಳಿ ಅಜ್ಜಿ, ಸುಖವಾಗಿರುತ್ತೆ’ ಎಂದಳು.

ಅಷ್ಟರಲ್ಲಿ ಒಳಗಿನಿಂದ ಗಾಲಿಮಂಚದ ಮೇಲೆ ಒಬ್ಬ ಮುದುಕನನ್ನು ತಂದರು. ಒಳ್ಳೆಯ ಕೋಟು ಹಾಕಿದ್ದ, ಚರ್ಚಿನ ಹಿರಿಯ ಎಂದು ಪಕ್ಕದವರು ಹೇಳಿದರು. ಸೂಜಿ ಹಾಕಿಸಿಕೊಂಡಿದ್ದನಂತೆ. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಪೂರ್ತಿ ತೆರೆದಿತ್ತು. ಕಾಯುತ್ತ ಕೂತವರೆಲ್ಲರಿಗೂ ಕೇಳುವಂತೆ, ‘ಬೇಲಿ ಸರಿಸಿದ್ದು ನಾನೇ ಕಣ್ರೋ. ಎರಡು ಮಾರು. ತಮ್ಮ ಪೇಟೆಗೆ ಹೋಗಿದ್ದಾಗ ಸರಿಸಿದೆ. ಅವನಿಗೆ ಹೇಳ್ಬೇಡಿ’ ಎಂದ. ಅವನ ತಮ್ಮ ಅಲ್ಲೇ ಮಂಚ ಹಿಡಿದುಕೊಂಡು ನಡೆಯುತ್ತಿದ್ದ. ಹೆಂಡತಿ ಪಾಪ ಶಾಲಿನ ತುದಿಯಿಂದ ಮುದುಕನ ಬಾಯಿ ಮುಚ್ಚಿದಳು. ಅವನು ಅದರೊಳಗಿಂದಲೂ ‘ಎರಡು ಮಾರು’ ಎನ್ನುತ್ತಲೇ ಇದ್ದ. ಬೆಂಚಿನವರೆಲ್ಲ ನಕ್ಕರು. ನಾನು ನಗಲಿಲ್ಲ.

ಸಿಸ್ಟರನ್ನು ಕರೆದು ಕೇಳಿದೆ, ಎಲ್ಲರೂ ಹೀಗೇ ಮಾತಾಡ್ತಾರಾ ಎಂದು. ‘ಎಲ್ಲರೂ ಇಲ್ಲ ಅಜ್ಜಿ. ಕೆಲವರು ಹಾಡ್ತಾರೆ, ಕೆಲವರು ಅಳ್ತಾರೆ. ಎದ್ದ ಮೇಲೆ ಅವರಿಗೇ ನೆನಪಿರಲ್ಲ’ ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಅದೇ ಕೊನೆಯ ಮಾತು ಹೆಚ್ಚು ಹೆದರಿಕೆ ಹುಟ್ಟಿಸಿತು. ಹೇಳಿದೆನೋ ಇಲ್ಲವೋ ಎಂಬುದೂ ಗೊತ್ತಾಗದೆ ಮನೆಯಲ್ಲಿ ಕೂತಿರಬೇಕು.

‘ಸ್ಪ್ರೇ ಬರೀರಿ’ ಎಂದೆ.

ಡಾಕ್ಟರ್ ಬಿಯೆಗೊನ್ ನಮ್ಮವನೇ, ಇನ್ನೂ ಚಿಕ್ಕವನು. ಚೀಟಿ ನೋಡಿ ಅವನು ಅಜ್ಜಿ ಎನ್ನಲಿಲ್ಲ, ‘ಯಜಮಾನ್ರೇ’ ಎಂದ. ಮನಸ್ಸಿಗೆ ಹಿತವಾಯಿತು. ಗಂಡಸರು ಸುನ್ನತಿಯ ಕತ್ತಿಯ ಮುಂದೆ ನಿಂತಾಗ ರೆಪ್ಪೆ ಅಲುಗಿಸುವುದಿಲ್ಲ, ನಾನೂ ಗಂಡಸರ ಲೆಕ್ಕದಲ್ಲಿರುವವಳು, ನನಗೆ ನಿಮ್ಮ ಸೂಜಿ ಬೇಕಾಗಿಲ್ಲ ಎಂದು ಅವನಿಗೆ ಹೇಳಿದೆ. ಅವನು ಕೈಗವಸು ಎಳೆದುಕೊಳ್ಳುತ್ತ, ‘ರೆಪ್ಪೆ ಅಲುಗಿಸದ ಗಂಡಸರೇ ನನ್ನ ಹತ್ರ ಮೊದಲು ಸೂಜಿ ಕೇಳೋದು ಯಜಮಾನ್ರೇ. ಇದು ಧೈರ್ಯದ ಪರೀಕ್ಷೆ ಅಲ್ಲ, ಗಂಟಲಿನ ಪರೀಕ್ಷೆ’ ಎಂದ. ನಾನು ಹಟ ಬಿಡಲಿಲ್ಲ. ನನ್ನ ಹಟ ನಿನಗೆ ಗೊತ್ತಿಲ್ಲದ್ದೇನೂ ಅಲ್ಲ.

ಸ್ಪ್ರೇ ಕಹಿ. ಕೊಳೆತ ಬಾಳೆಹಣ್ಣಿನ ವಾಸನೆ. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಒಂದು ಬಳೆಯಂಥದ್ದನ್ನು ಕಚ್ಚಿಸಿದರು. ನನ್ನ ನಾಲಿಗೆ ನನ್ನದಲ್ಲ ಎನ್ನಿಸಿತು. ಪೈಪು ಒಳಗೆ ಬರುವಾಗ ನಾನು ಕತ್ತಿಯ ಮುಂದೆ ನಿಂತ ಹುಡುಗರನ್ನು ನೆನೆಸಿಕೊಂಡೆ. ನಮ್ಮ ಮದುವೆಯ ದಿನ ನೆನೆಸಿಕೊಂಡೆ. ನಿನಗೆ ಹತ್ತೊಂಬತ್ತು ವರ್ಷ; ಹುಲ್ಲು ಕಟ್ಟುವಾಗ ನಿನ್ನ ಮಣಿಕಟ್ಟು ಎಷ್ಟು ತಣ್ಣಗಿತ್ತು ಎಂದು ನೆನೆಸಿಕೊಂಡೆ. ಸ್ವಲ್ಪ ಹೊತ್ತು ನಿಭಾಯಿಸಿದೆ. ಎದೆಯ ನಡುವೆ, ಮುದ್ದೆ ನಿಲ್ಲುವ ಅದೇ ಜಾಗದಲ್ಲಿ, ಪೈಪು ನಿಂತಿತು. ಡಾಕ್ಟರ್ ‘ಇನ್ನೊಂಚೂರು, ಇನ್ನೊಂಚೂರು’ ಎಂದ. ಉಸಿರು ಕಟ್ಟಿತು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ನುಗ್ಗಿ ಬಂದಂತಾಯಿತು. ಆಮೇಲೆ ನೋಡುತ್ತೇನೆ, ಪೈಪು ನನ್ನ ಕೈಯಲ್ಲಿದೆ. ನಾನೇ ಎಳೆದುಹಾಕಿದ್ದೆ. ಸಿಸ್ಟರಿನ ಕೈ ಮೇಲೆ ನನ್ನ ಉಗುರಿನ ಗೀರು. ನಾನು ಗಂಡಸರ ಸಾಲಿನಲ್ಲಿ ಕೂತು ಹನ್ನೊಂದು ವರ್ಷ. ಅಷ್ಟೂ ವರ್ಷದ ಮರ್ಯಾದೆ ಆ ಮಂಚದ ಮೇಲೆ ಹೋಯಿತು. ಅತ್ತುಬಿಟ್ಟೆ ಕೂಡ. ಜೋರಾಗಿ.

ಡಾಕ್ಟರ್ ಬೈಯಲಿಲ್ಲ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಹೇಳಿದ. ಅನ್ನನಾಳ ಒಂದು ಕಡೆ ಸಣ್ಣದಾಗಿದೆ, ಕೆಂಪಗಿದೆ, ಅಷ್ಟು ಕಂಡಿತಂತೆ. ಬಿಸಿ ಚಹಾದಲ್ಲಿ ಸುಟ್ಟು ಸುಟ್ಟು ಗಟ್ಟಿಯಾದ ಗಾಯವೂ ಇರಬಹುದು, ಆ ಇನ್ನೊಂದೂ ಇರಬಹುದು. ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಅವನು ಏನೂ ಹೇಳುವುದಿಲ್ಲ. ಚೂರು ತೆಗೆಯಲು ನಾನು ಬಿಡಲಿಲ್ಲ. ‘ಬರೀ ಗಾಯ ಆದ್ರೆ ಹಿಗ್ಗಿಸಿ ಕೊಡ್ತೀನಿ, ಮತ್ತೆ ಮುದ್ದೆ ತಿನ್ನಬಹುದು. ಇನ್ನೊಂದು ಆದ್ರೂ ಈಗ ಸಿಕ್ಕಿದ್ರೆ ಏನಾದ್ರೂ ಮಾಡಬಹುದು. ಆದ್ರೆ ಎರಡೂ ಎಚ್ಚರದಲ್ಲಿ ಆಗಲ್ಲ, ಇವತ್ತು ನೋಡಿದ್ರಲ್ಲ. ಬರೋ ಗುರುವಾರ ಬನ್ನಿ, ಸೂಜಿ ಹಾಕ್ತೀನಿ. ಮುಂದಿನ ತಿಂಗಳು ಅಂತ ಮಾತ್ರ ಹೇಳ್ಬೇಡಿ’ ಎಂದ. ಆ ಕೊನೆಯ ಮಾತು ಹೇಳುವಾಗ ಅವನೂ ನೆಲ ನೋಡಿದ.

ಬರೋ ಗುರುವಾರ ಎಂದರೆ ಇದೇ ಹದಿನೈದು. ಇನ್ನು ಮೂರು ದಿನ.

ಹೊರಡುವಾಗ ಸಿಸ್ಟರ್ ಒಂದು ಚೀಟಿ ಕೊಟ್ಟಳು. ಅದರಲ್ಲಿ ಒಂದು ಸಾಲು ಖಾಲಿ ಇದೆ: ಜೊತೆಗೆ ಬರುವವರ ಹೆಸರು. ಅವರು ಪರೀಕ್ಷೆ ಮುಗಿಯುವವರೆಗೆ ಬಾಗಿಲಲ್ಲಿ ಇರಬೇಕು, ಮನೆಗೆ ಕರೆದುಕೊಂಡು ಹೋಗಬೇಕು, ಮರುದಿನದವರೆಗೆ ಅದೇ ಮನೆಯಲ್ಲಿರಬೇಕು. ನಾನು ಒಲೆಯ ಹತ್ತಿರ ಹೋಗಬಾರದು, ಒಂದು ದಿನ ಯಾವ ಕಾಗದಕ್ಕೂ ಸಹಿ ಹಾಕಬಾರದು. ಹೆಸರಿಲ್ಲದಿದ್ದರೆ ಸೂಜಿ ಇಲ್ಲ. ‘ನಾನು ನಿಮ್ಮನ್ನ ವಾಪಸ್ ಕಳಿಸ್ತೀನಿ ಅಜ್ಜಿ, ಬೇಜಾರು ಮಾಡ್ಕೋಬೇಡಿ’ ಎಂದಳು, ಗೀರಿದ ಕೈಗೆ ಔಷಧ ಹಚ್ಚಿಕೊಳ್ಳುತ್ತ.

ನಾಲ್ಕು ದಿನದಿಂದ ಆ ಖಾಲಿ ಸಾಲನ್ನು ನೋಡುತ್ತಿದ್ದೇನೆ. ಪಕ್ಕದ ಮನೆ ಪ್ರಿಸ್ಕಾ ಕರೆದರೆ ಬರುತ್ತಾಳೆ, ಓಡಿಕೊಂಡು ಬರುತ್ತಾಳೆ. ಆದರೆ ನಾನು ಮಂಪರಿನಲ್ಲಿ ಕೆಮ್ಮಿದರೂ ಮಧ್ಯಾಹ್ನದೊಳಗೆ ಅದು ಸಂತೆಯಲ್ಲಿರುತ್ತದೆ. ಮೈದುನನ ಮಗ ಕಿಪ್ಕುರುಯಿ ಇದ್ದಾನೆ. ಸಹಿ ಹಾಕಬಾರದು ಎಂದು ಸಿಸ್ಟರ್ ಹೇಳಿದ ಕೂಡಲೇ ನನಗೆ ನೆನಪಾದದ್ದು ಅವನ ಮುಖವೇ. ನೀನು ಹೋದ ಮೇಲೆ ಅವನು ಹೊಲದ ಬದುವಿನ ಮೇಲೆ ಓಡಾಡುವುದು ಹೆಚ್ಚಾಗಿದೆ. ಮೊನ್ನೆ ಬಂದು ಬೆಂಚಿನ ಮೇಲೆ ಕೂತು, ‘ನಿಮ್ಮ ಹೆಂಡ್ತಿ ಬರ್ತಾಳೋ ಇಲ್ವೋ ದೊಡ್ಡಪ್ಪ’ ಎಂದ. ಅವನ ಬಾಯಲ್ಲಿ ದೊಡ್ಡಪ್ಪ ಎನ್ನುವ ಮಾತು ಎಷ್ಟು ವ್ಯಂಗ್ಯವಾಗಿರುತ್ತದೆ ನಿನಗೆ ಗೊತ್ತು. ಆ ಬೆಂಚು ಈಗ ಒಂದು ಕಾಲಲ್ಲಿ ಅಲ್ಲಾಡುತ್ತದೆ. ಬಡಗಿ ವೆಲ್ಡನ್ ಮಾಡಿಕೊಟ್ಟ ಬೆಂಚು. ಇರಲಿ, ಅವನ ವಿಷಯ ಈಗ ಬೇಡ.

ಹೀಗೆ ಸುತ್ತಿ ಸುತ್ತಿ ನಿನ್ನ ಹೆಸರಿಗೇ ಬಂದು ನಿಲ್ಲುತ್ತೇನೆ.

ನೀನು ಯಾಕೆ ಹೋದೆ ಎಂದು ಊರವರು ಕೇಳಿದರೆ, ಅಕ್ಕನಿಗೆ ಮೈ ಸರಿಯಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎನ್ನುತ್ತೇನೆ. ನಮ್ಮಿಬ್ಬರಿಗೂ ನಿಜ ಗೊತ್ತು. ನಾಕುರುವಿನಲ್ಲಿ ಹೊಲಿಗೆ ಕಲಿಯುತ್ತೇನೆ, ಆರು ತಿಂಗಳು ಸಾಕು, ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎಂದು ನೀನು ಮೆತ್ತಗೇ ಕೇಳಿದ್ದೆ. ನಾನು ನಿನ್ನ ಅಕ್ಕನ ಎದುರಿಗೆ, ‘ಹಸು ಕೊಟ್ಟು ತಂದಿರೋದು ಹೊಲಿಗೆಗಲ್ಲ’ ಎಂದೆ. ನೀನು ಎದ್ದು ಒಳಗೆ ಹೋದೆ. ಕಿಗೆನ್‌ನ ಅಂಗಿ ಮಡಚಿದೆ, ಬುರುಡೆ ತೊಳೆದು ಬೋರಲು ಹಾಕಿದೆ, ನನ್ನ ಚಹಾ ಆರಿಸಿ ಮುಚ್ಚಿಟ್ಟೆ, ಹೊರಟೆ. ಆ ಚಹಾ ನಾನು ಕುಡಿಯಲಿಲ್ಲ. ಸಿಟ್ಟಿನಿಂದ ಚೆಲ್ಲಿದೆ. ಆ ಮಾತು ಆಡಬಾರದಿತ್ತು ಚೆಪ್ಟೂ. ಹಸುಗಳನ್ನು ನಿನ್ನ ಅಪ್ಪನಿಗೆ ಕೊಟ್ಟದ್ದು. ಹತ್ತು ವರ್ಷ ಈ ಮನೆಯನ್ನು ಮನೆಯಾಗಿ ಇಟ್ಟದ್ದು ನೀನು, ಅದಕ್ಕೆ ನಾನು ಏನೂ ಕೊಟ್ಟಿಲ್ಲ. ಇದನ್ನು ಹೇಳಲೆಂದೇ ಎಷ್ಟೋ ಸಲ ಫೋನ್ ಮಾಡಿದೆ. ನೀನು ಎತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಬರುವೆಯಾ? ಒಂದು ದಿನಕ್ಕೆ. ಬುಧವಾರ ಸಂಜೆಯ ಮಟಾಟು ಹತ್ತಿದರೆ ಸಾಕು, ಶುಕ್ರವಾರ ಬೆಳಿಗ್ಗೆ ಹೋಗಬಹುದು. ನಿನ್ನನ್ನು ಉಳಿಸಿಕೊಳ್ಳಲು ಈ ಕಾಯಿಲೆಯನ್ನು ನೆಪ ಮಾಡುವುದಿಲ್ಲ, ಅಷ್ಟು ಸಣ್ಣತನ ನನಗೆ ಇನ್ನೂ ಬಂದಿಲ್ಲ. ಕಿಗೆನ್‌ನ ಶಾಲೆ ತಪ್ಪಿಸಬೇಡ. ಅವನನ್ನು ನೋಡಬೇಕು ಎಂದು ನನಗೆ ಆಸೆಯಿದೆ, ತುಂಬಾ ಇದೆ, ಆದರೂ ತಪ್ಪಿಸಬೇಡ. ನನಗೆ ಹೆದರಿಕೆಯಾಗಿದೆ ಚೆಪ್ಟೂ. ಅವ್ವನಂತೆ ಹೋಗುತ್ತೇನೆಂದು ಹೆದರಿಕೆ. ಇಷ್ಟು ಬರೆದದ್ದೇ ದೊಡ್ಡದು. ಇನ್ನು ಕಾಗದ ಮುಗಿಯುತ್ತಿದೆ.

ನಿನ್ನ ಅಕ್ಕನಿಗೆ ಚಮ್ಗೆ ಹೇಳು. ಕಿಗೆನ್‌ಗೆ ಅಜ್ಜಿಯ ಮುತ್ತು. ನಾನು ಅವನಿಗೆ ಅಪ್ಪನ ಸ್ಥಾನದವಳು, ಅಜ್ಜಿ ಅನ್ನಬೇಡ ಎಂದು ಊರವರು ಎಷ್ಟು ಹೇಳಿಕೊಟ್ಟರೂ ಅವನು ಕೇಳಲಿಲ್ಲವಲ್ಲ, ಅವನೇ ಸರಿ.

ಹುಲ್ಲು ಕಟ್ಟಿದ ಕೈಯಿಂದ,
ನಿನ್ನ ಯಜಮಾನ,
ರಾಯೆಲ್ ತಬುತನಿ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿ, ಅಂಟಿಸಿಯೂ ಆಗಿತ್ತು. ಈಗ ಹರಿದು ತೆಗೆದೆ. ಮೇಲೆ ಬರೆದದ್ದು ಯಾವುದೂ ಸುಳ್ಳಲ್ಲ, ಆದರೆ ಸೂಜಿ ಬೇಡವೆಂದದ್ದು ಗಂಡಸುತನಕ್ಕೆ ಎಂದು ನೀನು ತಿಳಿದುಕೊಂಡರೆ ಅದು ಸುಳ್ಳು. ಪ್ರಿಸ್ಕಾಳ ಬಾಯಿಗೂ ಹೆದರಿ ಅಲ್ಲ. ಬೇಲಿ ಸರಿಸಿದ ಆ ಮುದುಕನನ್ನು ನೋಡಿದಾಗ, ಗಾಲಿಮಂಚದ ಮೇಲೆ ನಾನೇ ಮಲಗಿದಂತೆ, ಪಕ್ಕದಲ್ಲಿ ನೀನು ನಡೆಯುತ್ತಿದ್ದಂತೆ ಕಂಡಿತು. ಮಂಪರಿನಲ್ಲಿ ಬಾಯಿಬಿಟ್ಟು, ಹೇಳಿದ್ದೂ ಗೊತ್ತಿಲ್ಲದೆ, ನೀನು ಆರಿಸಿಕೊಟ್ಟ ಗಂಜಿ ಕುಡಿಯುತ್ತ ಕೂರುವುದು ನನ್ನಿಂದಾಗದು. ಅದಕ್ಕೇ ಎಚ್ಚರವಿರುವಾಗಲೇ ಬರೆಯುತ್ತೇನೆ.

ಕಿಗೆನ್‌ಗೆ ಮೂರು ವರ್ಷವಿದ್ದಾಗ, ಅವನನ್ನು ಹುಟ್ಟಿಸಿದ ವೆಲ್ಡನ್ ಯಾರಿಗೂ ಹೇಳದೆ ಎಲ್ಡೊರೆಟ್‌ಗೆ ಹೋಗಿಬಿಟ್ಟ, ಅಲ್ಲಿ ಬೇರೆಯವಳನ್ನು ಇಟ್ಟುಕೊಂಡಿದ್ದಾನೆ ಎಂದು ನಾನು ನಿನಗೆ ಹೇಳಿದೆ. ನೀನು ನಾಲ್ಕು ದಿನ ಏನೂ ತಿನ್ನಲಿಲ್ಲ. ನಾನೇ ಗಂಜಿ ಮಾಡಿ ಕುಡಿಸಿದೆ. ಎಷ್ಟು ಒಳ್ಳೆಯ ಯಜಮಾನ್ರು ಎಂದು ನಿನ್ನ ಅಕ್ಕ ಹೊಗಳಿದಳು. ಅವನು ಹೇಳದೆ ಹೋಗಲಿಲ್ಲ. ನೀನು ನದಿಗೆ ಹೋಗಿದ್ದಾಗ ಬಂದಿದ್ದ. ಎಲ್ಡೊರೆಟ್‌ನಲ್ಲಿ ಬಾಗಿಲು ಮಾಡುವ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಹಸುಗಳನ್ನು ಒಂದೊಂದಾಗಿ ಹಿಂದಿರುಗಿಸುತ್ತೇನೆ, ಚೆಪ್ಟೂವನ್ನು ನನಗೆ ಮದುವೆ ಮಾಡಿಕೊಡಿ, ಮಗು ನಿಮ್ಮ ಮನೆಯದೇ ಆಗಿರಲಿ ಎಂದು ನೆಲದ ಮೇಲೆ ಕೂತು ಕೇಳಿದ. ‘ಅವಳಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ, ಹಾಗಂತ ಹೇಳು ಅಂತ ನನ್ನ ಹತ್ರ ಹೇಳಿದಾಳೆ’ ಎಂದೆ. ಅವನು ನಂಬಿದ. ಜೇಬಿನಲ್ಲಿದ್ದ ಮರಳುಕಾಗದ ಹರಿದು ಅದರ ಹಿಂದೆ ನಂಬರು ಬರೆದು, ‘ಮನಸ್ಸು ಬದಲಾದ್ರೆ ಕೊಡಿ’ ಎಂದು ಹೋದ. ಹೊಲಕ್ಕಾಗಿ ಮಾಡಲಿಲ್ಲ. ಮಗು ಹೇಗೂ ನನ್ನದೇ ಆಗಿತ್ತು. ನೀನು ಹೋಗಬಾರದು ಎಂದು ಮಾಡಿದೆ. ಆದರೂ ನೀನು ಹೋದೆ.

ಆ ಮರಳುಕಾಗದ ಆರು ವರ್ಷ ನಮ್ಮ ಮದುವೆಯ ಹುಲ್ಲಿನ ಜೊತೆಗೇ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದೆ. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅವನಿಗೆ ಇನ್ನೂ ಮದುವೆಯಾಗಿಲ್ಲವೆಂದು ಹೋದ ವರ್ಷ ವಿಚಾರಿಸಿ ತಿಳಿದುಕೊಂಡೆ, ಅದನ್ನೂ ನಿನಗೆ ಹೇಳಲಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಜೊತೆಗೆ ಬರುವವರ ಹೆಸರಿನ ಜಾಗದಲ್ಲಿ ನಿನ್ನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಇದನ್ನು ಓದಿಯೂ ನೀನು ಬಂದರೆ ಅದರ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ. ಬಾರದಿದ್ದರೆ ಅಳಿಸಿ ಪ್ರಿಸ್ಕಾಳ ಹೆಸರು ಹಾಕುತ್ತೇನೆ. ಇನ್ನು ಅವಳು ಕೇಳಿಸಿಕೊಂಡರೂ ಹೆದರಿಕೆಯಿಲ್ಲ, ನಿನಗೆ ಮೊದಲೇ ಗೊತ್ತಾಗಿರುತ್ತದೆ.